ರಿಕ್ವೈರ್‌ಮೆಂಟ್‌ಗಳನ್ನು ಅರ್ಥ ನೋಡಿ ಜೋಡಿಸುವುದು: ಆದರೆ ಯಾವ ಅರ್ಥ?

ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೂ ಅವುಗಳಿಂದ ಹಾಲು ತೆಗೆದುಕೊಳ್ಳುವ ಡೇರಿಗೂ ಸೇರಿಸಿ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಎಕ್ಸೆಲ್ ಶೀಟಿನಲ್ಲಿ ಸುಮಾರು 1,400 ರಿಕ್ವೈರ್‌ಮೆಂಟ್‌ಗಳು (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ಸಾಲುಗಳು) ಸೇರಿಕೊಂಡಿವೆ. ಕೆಲವು ಇಂಗ್ಲಿಷಿನಲ್ಲಿವೆ, ಕೆಲವು ಕನ್ನಡದಲ್ಲಿ. ಒಂದೇ ವಿಷಯ ನಾಲ್ಕು ಕಡೆ ನಾಲ್ಕು ಥರ ಬರೆದಿದೆ. ಗೆಳೆಯರೊಬ್ಬರ ಸಲಹೆಯಂತೆ ಎಐ ಮಾಡೆಲ್ ಒಂದಕ್ಕೆ ಕೊಟ್ಟು, ಅರ್ಥ ಹೋಲುವ ಸಾಲುಗಳನ್ನು 30 ಗುಂಪು ಮಾಡಿಸಿದೆವು. ನೋಡಲು ಚೆನ್ನಾಗಿದೆ. ಆದರೆ ಪ್ರೋಗ್ರಾಮರುಗಳು ‘ಇದರಿಂದ ನಮಗೇನೂ ಉಪಯೋಗ ಇಲ್ಲ’ ಅನ್ನುತ್ತಾರೆ. ಎಲ್ಲಿ ತಪ್ಪಿದೆವು? ಮಾದರಿಗೆ ಕೆಲವು ಸಾಲುಗಳನ್ನು ಕಳಿಸಿದ್ದೇವೆ.

ಉತ್ತರ: ನಿಮ್ಮ ಪ್ರೋಗ್ರಾಮರುಗಳು ಹೇಳುವುದು ಸರಿ. ಹಾಗಂತ ಗೆಳೆಯರ ಸಲಹೆ ತಪ್ಪು ಅಂತಲೂ ಅಲ್ಲ. ಯಾವ ಸಾಲು ಯಾವ ವಿಷಯದ ಬಗ್ಗೆ ಇದೆ ಎಂದು ಮಾಡೆಲ್ ಹೇಳಿದೆ, ಅದಕ್ಕೆ ಬರುವ ಕೆಲಸ ಅದು. ಪ್ರೋಗ್ರಾಮರು ಕೇಳುವ ಪ್ರಶ್ನೆ ಬೇರೆ. ಈ ಸಾಲನ್ನು ನಾಳೆ ಬದಲಿಸಿದರೆ ಇನ್ನು ಯಾವ್ಯಾವ ಸಾಲುಗಳನ್ನು ಮುಟ್ಟಬೇಕಾಗುತ್ತದೆ? ವಿಷಯ ಒಂದೇ ಆದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಮೊದಲು ಆ ಮಾಡೆಲ್ ಏನು ಮಾಡುತ್ತದೆ ನೋಡೋಣ. ಪ್ರತಿ ವಾಕ್ಯವನ್ನೂ ಅದು ಕೆಲವು ನೂರು ಸಂಖ್ಯೆಗಳ ಸಾಲಾಗಿ ಮಾಡುತ್ತದೆ. ಒಂದೇ ಥರದ ಮಾತುಗಳ ನಡುವೆ ಬರುವ ಪದಗಳಿಗೆ ಹತ್ತಿರದ ಸಂಖ್ಯೆಗಳು ಬರುತ್ತವೆ. ಎರಡು ವಾಕ್ಯಗಳ ಸಂಖ್ಯೆಗಳು ಎಷ್ಟು ಹತ್ತಿರವೋ ಅರ್ಥವೂ ಅಷ್ಟು ಹತ್ತಿರ ಎಂದು ಲೆಕ್ಕ. ಉಪಾಯ ಹೊಸದೇನೂ ಅಲ್ಲ. 1990ರಲ್ಲೇ ಸ್ಕಾಟ್ ಡೀರ್‌ವೆಸ್ಟರ್, ಸೂಸನ್ ಡುಮೈ ಮೊದಲಾದವರು ದಾಖಲೆಗಳನ್ನು ಹುಡುಕಲು ಇದರ ಒಂದು ರೂಪ ಮಾಡಿದ್ದರು. 2013ರಲ್ಲಿ ಪದಗಳನ್ನು ಹೀಗೆ ಸಂಖ್ಯೆ ಮಾಡುವ ಗೂಗಲ್‌ನ ವರ್ಡ್‌ಟುವೆಕ್ ಬಂತು. 2019ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಿಲ್ಸ್ ರೈಮರ್ಸ್ ಮತ್ತು ಇರೀನಾ ಗುರೆವಿಚ್ ಅವರ ಸೆಂಟೆನ್ಸ್-ಬರ್ಟ್ ಬಂತು. 10,000 ವಾಕ್ಯಗಳಲ್ಲಿ ಒಂದಕ್ಕೊಂದು ಅತಿ ಹತ್ತಿರದ ಜೋಡಿ ಯಾವುದು ಎಂದು ಹುಡುಕಲು ಅದಕ್ಕೂ ಮುಂಚಿನ ಬರ್ಟ್ ಎಂಬ ಭಾಷಾ ಮಾಡೆಲ್‌ಗೆ ಸುಮಾರು 65 ಗಂಟೆ ಬೇಕಿತ್ತು, ಅದು ಸುಮಾರು 5 ಸೆಕೆಂಡಿಗೆ ಇಳಿಯಿತು ಎಂದು ಅವರು ತಮ್ಮ ಲೇಖನದಲ್ಲಿ ತೋರಿಸಿದರು.

ಈ ವೇಗ ನಿಮಗೆ ನಿಜವಾಗಿಯೂ ಬೇಕು. 1,400 ಸಾಲುಗಳಲ್ಲಿ ಎಷ್ಟು ಜೋಡಿಗಳು ಆಗುತ್ತವೆ, ಲೆಕ್ಕ ಹಾಕಿ ನೋಡಿ: 9,79,300. ಮನುಷ್ಯರು ಕೂತು ಒಂದೊಂದನ್ನೇ ಹೋಲಿಸುವುದು ಆಗದ ಮಾತು. ಹಾಗಾಗಿ ಮಾಡೆಲ್ ಬಿಸಾಡಬೇಡಿ. ಅದಕ್ಕೆ ಕೊಟ್ಟ ಕೆಲಸ ಬದಲಿಸಬೇಕು, ಅಷ್ಟೇ.

ಈಗ ನೀವು ಕಳಿಸಿದ ಸಾಲುಗಳಿಗೆ ಬರುತ್ತೇನೆ. ಒಂದೇ ಗುಂಪಿಗೆ ಬಿದ್ದಿರುವ ಎರಡು ಸಾಲುಗಳು ಇವು:

‘ಸಂಘವು ಉತ್ಪಾದಕರ ಹಾಲಿನ ಹಣವನ್ನು ಅವರ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕು.’

‘ಸರ್ಕಾರದ ಪ್ರೋತ್ಸಾಹಧನ ಉತ್ಪಾದಕರ ಬ್ಯಾಂಕ್ ಖಾತೆಗೆ ಜಮಾ ಆಗಬೇಕು.’

ಮಾಡೆಲ್ ಕಣ್ಣಿಗೆ ಇವು ಅಣ್ಣತಮ್ಮಂದಿರು. ಹಣ, ಉತ್ಪಾದಕ, ಬ್ಯಾಂಕ್ ಖಾತೆ, ಜಮಾ ಎಲ್ಲವೂ ಎರಡರಲ್ಲೂ ಇವೆ. ನಿಮ್ಮ ಗುಂಪಿನ ಹೆಸರೂ ‘ಪಾವತಿ’ ಎಂದೇ ಇದೆ. ಆದರೆ ಸಂಘದ ಕಾರ್ಯದರ್ಶಿಯನ್ನು ಕೇಳಿ ನೋಡಿ. ಮೊದಲನೆಯದು ಬಟವಾಡೆ. ಅದರ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೇಲೆ ನಿಲ್ಲುತ್ತದೆ. ಹಣ ಸಂಘದ ಮೂಲಕ ಹೋಗುತ್ತದೆ, ಸಂಘದ ಕಡಿತಗಳೂ ಅಲ್ಲೇ ಆಗುತ್ತವೆ. ಎರಡನೆಯದು ರಾಜ್ಯ ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಪ್ರೋತ್ಸಾಹಧನ. ಅದು ನೇರವಾಗಿ ರೈತರ ಖಾತೆಗೆ ಬೀಳುತ್ತದೆ. ನಿಮ್ಮ ಸಾಫ್ಟ್‌ವೇರ್ ಅಲ್ಲಿ ಹಣ ಕಳಿಸುವುದಿಲ್ಲ, ಲೆಕ್ಕ ಮಾತ್ರ ಕಳಿಸುತ್ತದೆ. ನಾಳೆ ದರಪಟ್ಟಿ ಬದಲಾದರೆ ಮೊದಲನೆಯದು ಬದಲಾಗುತ್ತದೆ, ಎರಡನೆಯದಕ್ಕೆ ಏನೂ ಆಗುವುದಿಲ್ಲ. ಸರ್ಕಾರದ ಆದೇಶ ಬದಲಾದರೆ ಉಲ್ಟಾ. ಒಟ್ಟಿಗೆ ಬದಲಾಗದ ಎರಡನ್ನು ಒಂದೇ ಗುಂಪಿಗೆ ಹಾಕಿ ಕೊಟ್ಟರೆ ಪ್ರೋಗ್ರಾಮರು ಏನು ಮಾಡಿಯಾರು?

ಇದಕ್ಕಿಂತ ಅಪಾಯದ ಜೋಡಿ ಇನ್ನೊಂದು ಇದೆ. ‘ಬಂದ ಹಾಲಿನ ಪ್ರಮಾಣ ದಾಖಲಿಸಬೇಕು’ ಎಂದು ಸಂಘದ ಭಾಗದಲ್ಲಿ ಇದೆ. ‘ಬಂದ ಹಾಲಿನ ಪ್ರಮಾಣವನ್ನು ದಾಖಲು ಮಾಡಬೇಕು’ ಎಂದು ಡೇರಿಯ ಭಾಗದಲ್ಲಿ ಇದೆ. ಮಾಡೆಲ್ ಇವನ್ನು ‘ಡೂಪ್ಲಿಕೇಟ್, ಒಂದನ್ನು ಅಳಿಸಬಹುದು’ ಎಂದು ತೋರಿಸಿದೆ. ದಯವಿಟ್ಟು ಅಳಿಸಬೇಡಿ. ನಿಮ್ಮ ಬೇರೆ ಸಾಲುಗಳನ್ನು ನೋಡಿದರೆ ಸಂಘದಲ್ಲಿ ಅಳತೆ ಲೀಟರಿನಲ್ಲಿ, ಡೇರಿಯ ವೇಬ್ರಿಜ್ (ವಾಹನ ಸಮೇತ ತೂಗುವ ತಕ್ಕಡಿ) ಮೇಲೆ ಕಿಲೋದಲ್ಲಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 10,000 ಲೀಟರಿನ ಟ್ಯಾಂಕರ್ ಅಂದರೆ ಹತ್ತಿರ ಹತ್ತಿರ 10,300 ಕಿಲೋ. ಎರಡೂ ‘ಪ್ರಮಾಣ’ವೇ ಎಂದು ಒಂದೇ ಕಾಲಂಗೆ ಹಾಕಿದರೆ ಪ್ರತಿ ಟ್ಯಾಂಕರಿಗೂ 300ರ ವ್ಯತ್ಯಾಸ ಬರುತ್ತದೆ. ಆಮೇಲೆ ಹಾಲಿಗೆ ನೀರು ಹಾಕಿದವರು ಯಾರು, ಕದ್ದವರು ಯಾರು ಎಂದು ಜಗಳ ಶುರುವಾಗುತ್ತದೆ.

ಇಂಥ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಕಡೆಯದು ನ್ಯೂಟನ್ ಲೆಕ್ಕ ಎಂದು ಓದಿಕೊಂಡಿತ್ತು. ಮೆಟ್ರಿಕ್ ಅಳತೆಯೇ ಇರಬೇಕು ಎಂಬ ರಿಕ್ವೈರ್‌ಮೆಂಟ್ ಕಾಗದದ ಮೇಲೆ ಇತ್ತು. ಅಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಜಾಗದಲ್ಲಿ ಅದನ್ನು ಪರೀಕ್ಷಿಸಿದವರು ಇರಲಿಲ್ಲ.

ಮೂರನೆಯ ತೊಂದರೆ ‘ಇಲ್ಲ’ದ್ದು. ‘ಮಾದರಿ ಪರೀಕ್ಷೆ ಆಗಿದ್ದರೆ ಹಾಲು ಸ್ವೀಕರಿಸಬೇಕು’, ‘ಮಾದರಿ ಪರೀಕ್ಷೆ ಆಗದಿದ್ದರೂ ಹಾಲು ಸ್ವೀಕರಿಸಬೇಕು’. ಇವೆರಡರ ನಡುವೆ ಇರುವ ವ್ಯತ್ಯಾಸ ಒಂದೆರಡು ಸಣ್ಣ ಪ್ರತ್ಯಯಗಳದ್ದು. ಇಂಥ ಕಡೆ ಹೋಲಿಕೆಯ ಅಂಕ ಜಾಸ್ತಿಯೇ ಬರುತ್ತದೆ. ಅದನ್ನು ಮಾಡೆಲ್‌ನ ದೋಷ ಅನ್ನಲಾರೆ. ಎರಡೂ ಒಂದೇ ವಿಷಯದ ಮಾತು, ಅದು ಅಳೆದದ್ದು ವಿಷಯವನ್ನೇ. ಆದರೆ ನಿಮಗೆ ಒಂದು ಮಾತು ಇನ್ನೊಂದಕ್ಕೆ ಅಡ್ಡ ಬರುತ್ತದೆಯೇ ಅನ್ನುವುದೇ ಮುಖ್ಯ, ಅಲ್ವಾ?

ಹಾಗಾದರೆ ಯಾವ ಅರ್ಥವನ್ನು ಹಿಡಿಯಬೇಕು? ನನ್ನ ಉತ್ತರ: ಕ್ರಿಯೆಯ ಅರ್ಥ. ಯಾರು, ಯಾವುದನ್ನು, ಯಾವುದರಿಂದ, ಯಾರಿಗೆ, ಎಲ್ಲಿ, ಯಾವಾಗ ಮಾಡಬೇಕು ಅನ್ನುವುದು. ಕ್ರಿಯೆಗೂ ಈ ಪ್ರಶ್ನೆಗಳಿಗೂ ಶೀಟಿನಲ್ಲಿ ಒಂದೊಂದು ಕಾಲಂ ಮಾಡಿ, ಪ್ರತಿ ಸಾಲನ್ನೂ ಅವುಗಳಲ್ಲಿ ಬಿಡಿಸಿ ತುಂಬಬೇಕು. ವಿಷಯದ ಪ್ರಕಾರ ಜೋಡಿಸುವ ಅಭ್ಯಾಸ ನಮಗೆ ಕಾಲೇಜಿನಿಂದಲೇ ಬಂದಿದೆ. 1983ರಲ್ಲಿ ರಸೆಲ್ ಅಬಟ್ ಎಂಬವರು ಇಂಗ್ಲಿಷ್ ವಿವರಣೆಯಿಂದ ಪ್ರೋಗ್ರಾಂ ವಿನ್ಯಾಸ ಮಾಡುವ ಬಗ್ಗೆ ಒಂದು ಲೇಖನ ಬರೆದರು. ನಾಮಪದಗಳಲ್ಲಿ ಡೇಟಾ ಹುಡುಕಿ, ಕ್ರಿಯಾಪದಗಳಲ್ಲಿ ಆಪರೇಷನ್ ಹುಡುಕಿ ಎನ್ನುವ ದಾರಿ ಅದು. ಪಾಠದಲ್ಲಿ ಉಳಿದದ್ದು ಹೆಚ್ಚಾಗಿ ನಾಮಪದದ ಅರ್ಧ. ಅದಕ್ಕೇ ನಮ್ಮ ಎಲ್ಲ ಶೀಟುಗಳಲ್ಲೂ ‘ಸದಸ್ಯರ ಮಾಡ್ಯೂಲ್’, ‘ಪಾವತಿ ಮಾಡ್ಯೂಲ್’ ಎಂಬ ತಲೆಬರಹಗಳು ಇರುತ್ತವೆ, ‘ತಿರಸ್ಕರಿಸು’ ಎಂಬ ತಲೆಬರಹ ಇರುವುದೇ ಇಲ್ಲ.

ಕ್ರಿಯೆಯ ಸುತ್ತ ವಾಕ್ಯವನ್ನು ಬಿಡಿಸುವುದು ಕನ್ನಡದವರಿಗೆ ಹೊಸ ವಿದ್ಯೆ ಅಲ್ಲ. ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಸಂಸ್ಕೃತ ವ್ಯಾಕರಣಕಾರ ಪಾಣಿನಿಯ ಕಾರಕಗಳು, ಅಂದರೆ ಕ್ರಿಯೆಯಲ್ಲಿ ಪದಗಳು ವಹಿಸುವ ಪಾತ್ರಗಳು, ಇವೇ ಆರು. ಅಮೆರಿಕದಲ್ಲಿ ಚಾರ್ಲ್ಸ್ ಫಿಲ್ಮೋರ್ 1968ರಲ್ಲಿ ಇದೇ ಜಾಡಿನ ಮಾತನ್ನು ಆಧುನಿಕ ಭಾಷಾಶಾಸ್ತ್ರದಲ್ಲಿ ಆಡಿದರು. ವಾಕ್ಯದ ಮೇಲಿನ ರೂಪ ಏನೇ ಇರಲಿ, ಒಳಗೆ ಮಾಡುವವನು, ಸಾಧನ, ಪಡೆಯುವವನು ಇಂಥ ಪಾತ್ರಗಳಿರುತ್ತವೆ ಎಂದರು. ಮುಂದೆ 1997ರಲ್ಲಿ ಬರ್ಕ್ಲಿಯಲ್ಲಿ ಅವರ ನೇತೃತ್ವದಲ್ಲಿ ಫ್ರೇಮ್‌ನೆಟ್ ಎಂಬ ಇಂಗ್ಲಿಷ್ ಪದಕೋಶದ ಯೋಜನೆ ಶುರುವಾಯಿತು. ಅದರಲ್ಲಿ ಪ್ರತಿ ಘಟನೆಗೂ ಒಂದು ಚೌಕಟ್ಟು. ಕೊಳ್ಳುವುದು, ಮಾರುವುದು ಎಂದರೆ ಒಂದೇ ವ್ಯವಹಾರವನ್ನು ಎರಡು ಕಡೆಯಿಂದ ನೋಡಿದ್ದು. ಎರಡರಲ್ಲೂ ಕೊಳ್ಳುವವನು, ಮಾರುವವನು, ಸರಕು, ಹಣ ಇದ್ದೇ ಇರುತ್ತವೆ. ಭಾರತೀಯ ಭಾಷೆಗಳಿಗೆ ಕಾರಕಗಳನ್ನೇ ಇಟ್ಟುಕೊಂಡು ಕಂಪ್ಯೂಟರ್ ವಿಶ್ಲೇಷಣೆ ಮಾಡುವ ದಾರಿಯನ್ನು ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಜೊತೆಗಾರರು ಐಐಟಿ ಕಾನ್ಪುರದಲ್ಲಿ, ಆಮೇಲೆ ಹೈದರಾಬಾದಿನಲ್ಲಿ ಬೆಳೆಸಿದರು.

ಈ ಚೌಕಟ್ಟಿನ ಯೋಚನೆ ನಿಮಗೆ ಹೇಗೆ ಉಪಯೋಗ ನೋಡಿ. ನಿಮ್ಮ ಶೀಟಿನಲ್ಲಿ ‘ರೈತ ಹಾಲು ಹಾಕಿದಾಗ’ ಎಂದು ಒಂದು ಕಡೆ ಇದೆ. ‘ಸಂಘ ಹಾಲು ಸ್ವೀಕರಿಸಿದ ಮೇಲೆ’ ಎಂದು ಇನ್ನೊಂದು ಕಡೆ. ‘ಪ್ರೊಕ್ಯೂರ್‌ಮೆಂಟ್ ಎಂಟ್ರಿ ಆದ ನಂತರ’ ಎಂದು ಮತ್ತೊಂದು ಕಡೆ. ನಿಮ್ಮ ಮಾಡೆಲ್ ಇವನ್ನು ಮೂರು ಗುಂಪಿಗೆ ಹಾಕಿದೆ. ನಿಜದಲ್ಲಿ ಮೂರೂ ಒಂದೇ ಗಳಿಗೆ. ಬೆಳಿಗ್ಗೆ ಆರು ಗಂಟೆಗೆ ಕ್ಯಾನಿನಿಂದ ಹಾಲು ಸುರಿಯುವಾಗ ಆಗುವ ಒಂದೇ ಘಟನೆ. ಅಂದರೆ ವಿಷಯದ ಹೋಲಿಕೆ ಎರಡೂ ಕಡೆ ಕೈಕೊಟ್ಟಿದೆ. ಬೇರೆ ಇರಬೇಕಾದದ್ದನ್ನು ಸೇರಿಸಿದೆ, ಸೇರಬೇಕಾದದ್ದನ್ನು ಬೇರೆ ಮಾಡಿದೆ.

ಒಂದು ಸಾಲನ್ನು ಬಿಡಿಸಿಯೇ ತೋರಿಸುತ್ತೇನೆ. ಇದು ನಿಮ್ಮದೇ ಸಾಲು:

‘ಹಾಲು ಅಳೆದು, ಯಂತ್ರದಿಂದ ಫ್ಯಾಟ್ ನೋಡಿ, ದರ ಹಾಕಿ, ಚೀಟಿ ಕೊಡಬೇಕು.’

ಕನ್ನಡದಲ್ಲಿ ಎಷ್ಟು ಸಲೀಸಾಗಿ ಓದಿಸಿಕೊಳ್ಳುತ್ತದೆ! ತೊಂದರೆ ಇರುವುದೂ ಆ ಸಲೀಸಿನಲ್ಲೇ. ಅಳೆದು, ನೋಡಿ, ಹಾಕಿ, ಕೊಡಬೇಕು: ನಾಲ್ಕು ಕ್ರಿಯೆಗಳು ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ‘ಬೇಕು’ ಎನ್ನುವುದು ಕೊನೆಯದಕ್ಕೆ ಮಾತ್ರ ಅಂಟಿದೆ. ಹಾಗಾದರೆ ಮೊದಲ ಮೂರು ಕಡ್ಡಾಯವೇ? ಇದೇ ಕ್ರಮದಲ್ಲಿ ಆಗಬೇಕೇ? ಯಂತ್ರ ಕೆಟ್ಟಿದ್ದರೆ ಚೀಟಿ ಕೊಡಬಹುದೇ? ವಾಕ್ಯ ಬಾಯಿ ಬಿಡುವುದಿಲ್ಲ. ಇದನ್ನು ನಾಲ್ಕು ಸಾಲು ಮಾಡಿ. ಆಗ ಇನ್ನೊಂದು ವಿಷಯ ಕಾಣುತ್ತದೆ: ನಾಲ್ಕರಲ್ಲೂ ಕರ್ತೃವೇ ಇಲ್ಲ. ಅಳೆಯುವುದು ಹಾಲು ಅಳೆಯುವ ಹುಡುಗ, ಫ್ಯಾಟ್ ನೋಡುವುದು ಪರೀಕ್ಷಕ, ದರ ಹಾಕುವುದು ಸಾಫ್ಟ್‌ವೇರ್, ಚೀಟಿ ಕೊಡುವುದು ಪ್ರಿಂಟರ್ ಇರಬಹುದು. ನಿಮ್ಮ ಕೆಲಸ ಆ ನಾಲ್ಕರಲ್ಲಿ ಬಹುಶಃ ಎರಡು ಮಾತ್ರ. ಉಳಿದೆರಡು ಮನುಷ್ಯರ ಕೆಲಸ, ಸಾಫ್ಟ್‌ವೇರಿನ ರಿಕ್ವೈರ್‌ಮೆಂಟ್ ಅಲ್ಲವೇ ಅಲ್ಲ.

ಕರ್ತೃವನ್ನು ಬಿಟ್ಟರೂ ಕನ್ನಡದ ವಾಕ್ಯ ಕುಂಟುವುದಿಲ್ಲ. ‘ತಿಳಿಸಲಾಗುವುದು’, ‘ಪರಿಶೀಲಿಸತಕ್ಕದ್ದು’ ಎಂಬ ಕಚೇರಿ ಶೈಲಿಯಲ್ಲಂತೂ ಮಾಡುವವನು ಯಾರು ಎಂದು ದೇವರಿಗೇ ಗೊತ್ತು. ಇಂಗ್ಲಿಷ್ ಸಾಲುಗಳಲ್ಲಿ ಇದರ ಉಲ್ಟಾ ರೋಗ. ಅಲ್ಲಿ ಎಲ್ಲದಕ್ಕೂ ‘ಸಿಸ್ಟಮ್’ ಕರ್ತೃ. ಸಿಸ್ಟಮ್ ಮಾದರಿಯನ್ನು ಪರಿಶೀಲಿಸಬೇಕು ಅಂತೆ. ಮಾದರಿ ಎಂದರೆ ಶೀಷೆಯಲ್ಲಿರುವ ಹಾಲು. ಅದನ್ನು ಸಿಸ್ಟಮ್ ಹೇಗೆ ಪರಿಶೀಲಿಸುತ್ತದೆ? ಯಾರು ಎಂಬ ಕಾಲಂ ತುಂಬಲು ಕೂತರೆ ಇಂಥ ಸಾಲುಗಳು ತಾವೇ ಎದ್ದು ನಿಲ್ಲುತ್ತವೆ.

ಒಂದು ಎಚ್ಚರಿಕೆ. ಪ್ರತ್ಯಯ ನೋಡಿ ಕಾರಕ ತುಂಬಬೇಡಿ. ‘ಯಂತ್ರದಿಂದ ಫ್ಯಾಟ್ ನೋಡಬೇಕು’ ಎಂಬಲ್ಲಿ ಯಂತ್ರ ಸಾಧನ. ‘ಟ್ಯಾಂಕರಿನಿಂದ ಮಾದರಿ ತೆಗೆಯಬೇಕು’ ಎಂಬಲ್ಲಿ ಟ್ಯಾಂಕರ್ ಹೊರಟ ಜಾಗ. ಎರಡಕ್ಕೂ ‘ಇಂದ’ವೇ. ಪಠ್ಯಪುಸ್ತಕದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಬೇರೆ ರೂಪ ಕೊಟ್ಟಿರುತ್ತಾರೆ, ಆದರೆ ಟ್ಯಾಂಕರಿನ ದೆಸೆಯಿಂದ ಮಾದರಿ ತೆಗೆದವರನ್ನು ನಾನಂತೂ ಕಂಡಿಲ್ಲ.

ಇನ್ನು ‘ಯಾವಾಗ’ ಎಂಬ ಕಾಲಂ. ಇದಕ್ಕೆ ಒಳ್ಳೆಯ ಸಹಾಯ ಈಯರ್ಸ್ ಎಂಬ ಬರವಣಿಗೆ ಕ್ರಮ. ರೋಲ್ಸ್-ರಾಯ್ಸ್‌ನಲ್ಲಿ ವಿಮಾನ ಎಂಜಿನ್ನಿನ ರಿಕ್ವೈರ್‌ಮೆಂಟ್ ಬರೆಯುತ್ತಿದ್ದ ಅಲಿಸ್ಟರ್ ಮ್ಯಾವಿನ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಸಾಲು ಯಾವಾಗಲೂ ಅನ್ವಯಿಸುತ್ತದೆಯೇ, ಒಂದು ಘಟನೆ ಆದಾಗಲೇ, ಒಂದು ಸ್ಥಿತಿ ಇರುವಷ್ಟು ಹೊತ್ತೇ, ಏನಾದರೂ ಎಡವಟ್ಟಾದರೆ ಮಾತ್ರವೇ, ಇಲ್ಲ ಒಂದು ಸೌಲಭ್ಯ ಹಾಕಿಸಿಕೊಂಡ ಕಡೆ ಮಾತ್ರವೇ ಎಂದು ಐದು ಬಗೆ ಮಾಡುತ್ತಾರೆ. ಯಾವಾಗಲೂ ಅನ್ವಯಿಸುವುದನ್ನು ಬಿಟ್ಟು ಉಳಿದ ನಾಲ್ಕು ಬಗೆಗೂ ಇಂಗ್ಲಿಷಿನಲ್ಲಿ ಒಂದೊಂದು ಶುರುವಿನ ಪದ ಇದೆ. ಕನ್ನಡದಲ್ಲಿ ಇಲ್ಲೊಂದು ಗುಂಡಿ ಇದೆ. ‘ಟ್ಯಾಂಕರ್ ಬಂದರೆ ಗೇಟಿನಲ್ಲಿ ನಮೂದಿಸಬೇಕು’, ‘ಕರೆಂಟ್ ಹೋದರೆ ಹಿಂದಿನ ಎಂಟ್ರಿ ಉಳಿಯಬೇಕು’. ಟ್ಯಾಂಕರ್ ದಿನಾ ಬರುತ್ತದೆ, ಅದು ಮಾಮೂಲಿ ಘಟನೆ. ಕರೆಂಟ್ ಹೋಗುವುದು ಎಡವಟ್ಟು. (ನಮ್ಮ ಕೆಲವು ಹಳ್ಳಿಗಳಲ್ಲಿ ಅದೂ ಮಾಮೂಲಿಯೇ ಅನ್ನಿ.) ಎರಡಕ್ಕೂ ನಾವು ‘ರೆ’ ಅಂಟಿಸುತ್ತೇವೆ. ಆದ್ದರಿಂದ ಮಾಮೂಲಿ ಘಟನೆಗೆ ‘ಬಂದಾಗ’, ಎಡವಟ್ಟಿಗೆ ‘ಹೋದರೆ’ ಎಂದು ನಿಮ್ಮೊಳಗೆ ಒಂದು ಒಪ್ಪಂದ ಮಾಡಿಕೊಳ್ಳಿ. ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ‘ರೆ’ ಇರುವ ಸಾಲುಗಳನ್ನು ಮಾತ್ರ ತೆಗೆದು ನೋಡಿದರೆ ನಿಮ್ಮ ಸಾಫ್ಟ್‌ವೇರ್ ಯಾವ್ಯಾವ ಕಷ್ಟಕ್ಕೆ ಸಿದ್ಧ ಇದೆ, ಯಾವುದಕ್ಕೆ ಇಲ್ಲ ಅನ್ನುವುದು ಒಂದೇ ನೋಟಕ್ಕೆ ಕಾಣುತ್ತದೆ.

ಹೀಗೆ ಕಾಲಂ ತುಂಬಿದ ಮೇಲೆ ಮೊದಲು ಕ್ರಿಯೆಯ ಪ್ರಕಾರ, ಅದರೊಳಗೆ ಕರ್ಮದ ಪ್ರಕಾರ ಸಾರ್ಟ್ ಮಾಡಿ. ಎಐ ಬೇಡ, ಎಕ್ಸೆಲ್ ಸಾಕು. ನೀವು ಕಳಿಸಿದ ಸಾಲುಗಳಲ್ಲಿ ನಾನು ‘ತಿರಸ್ಕರಿಸು’ ಎಂಬುದನ್ನು ಹೀಗೆ ತೆಗೆದು ನೋಡಿದೆ. ಸಂಘದಲ್ಲಿ ಹುಳಿ ಹಾಲು ತಿರಸ್ಕರಿಸಬೇಕು ಎಂದಿದೆ. ಡೇರಿಯಲ್ಲಿ ಟ್ಯಾಂಕರ್ ತಿರಸ್ಕರಿಸಬಹುದು ಎಂದಿದೆ. ಎರಡೂ ಪಕ್ಕಪಕ್ಕ ಬಂದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಟ್ಯಾಂಕರ್ ತಿರಸ್ಕಾರವಾಗುವ ಹೊತ್ತಿಗೆ ರೈತರಿಗೆ ಚೀಟಿ ಕೊಟ್ಟಾಗಿದೆ. ನಷ್ಟ ಯಾರ ಲೆಕ್ಕಕ್ಕೆ? ಆ ದಿನದ ಬಟವಾಡೆ ನಿಲ್ಲುತ್ತದೆಯೇ? ಆ ಲೀಟರುಗಳಿಗೆ ಪ್ರೋತ್ಸಾಹಧನದ ಲೆಕ್ಕ ಹೋಗುತ್ತದೆಯೇ? ಕಳಿಸಿದ ಸಾಲುಗಳಲ್ಲಿ ಉತ್ತರ ಇಲ್ಲ. ನಿಮ್ಮ ಹಳೆಯ ಜೋಡಣೆಯಲ್ಲಿ ಮೊದಲನೆಯದು ‘ಗುಣಮಟ್ಟ’ದ ಗುಂಪಿನಲ್ಲಿತ್ತು, ಎರಡನೆಯದು ‘ಸಾಗಾಣಿಕೆ’ಯಲ್ಲಿ. ಅವು ಎಂದೂ ಭೇಟಿಯಾಗುತ್ತಿರಲಿಲ್ಲ. ಒಳ್ಳೆಯ ಜೋಡಣೆ ಇರುವ ಸಾಲುಗಳನ್ನು ಚೆಂದ ಮಾಡಿದರೆ ಸಾಲದು, ಬರೆಯದೆ ಬಿಟ್ಟದ್ದನ್ನೂ ಕಾಣಿಸಬೇಕು.

ಇದಕ್ಕೆಲ್ಲ ಮೊದಲು ಪದಪಟ್ಟಿ ಒಂದನ್ನು ಗಟ್ಟಿ ಮಾಡಿಕೊಳ್ಳಿ. ರೈತ, ಉತ್ಪಾದಕ, ಸದಸ್ಯ ಮೂರನ್ನೂ ನೀವು ಅದಲುಬದಲು ಬಳಸಿದ್ದೀರಿ. ಮಾಡೆಲ್ ಕೂಡ ಇವನ್ನು ಒಂದೇ ಎಂದು ತಿಳಿದಿದೆ. ಹಾಲು ಹಾಕುವವರೆಲ್ಲ ಸಂಘದ ಸದಸ್ಯರಾಗಿರಬೇಕಿಲ್ಲ. ಷೇರು, ಮತದ ಹಕ್ಕು ಇರುವುದು ಸದಸ್ಯರಿಗೆ. ಬೋನಸ್ ಸಾಲಿನಲ್ಲಿ ‘ಉತ್ಪಾದಕ’ ಎಂದು ಬರೆದರೆ ಒಂದು ಮೊತ್ತ, ‘ಸದಸ್ಯ’ ಎಂದರೆ ಇನ್ನೊಂದು ಮೊತ್ತ. ಇದನ್ನು ಯಾವ ಮಾಡೆಲ್‌ಗೂ ಕೇಳಬೇಡಿ, ಸಂಘದ ಬೈಲಾ ಓದಿ.

ಪದಪಟ್ಟಿ ಎಂದರೆ ಸುಮ್ನೆ ಇಂಗ್ಲಿಷ್ ಪದಕ್ಕೆ ಕನ್ನಡ ಪದ ಬರೆದಿಡುವುದಲ್ಲ. ಆ ಪದ ನಿಜವಾಗಿದೆ ಎಂದು ಸಾಫ್ಟ್‌ವೇರಿಗೆ ಹೇಗೆ ತಿಳಿಯುತ್ತದೆ ಎಂದೂ ಬರೆಯಬೇಕು. 1993ರ ಸೆಪ್ಟೆಂಬರ್ 14ರಂದು ವಾರ್ಸಾದಲ್ಲಿ ಲುಫ್ಥಾನ್ಸಾದ ಏರ್‌ಬಸ್ ಎ320 ಇಳಿಯಿತು. ವಿಮಾನ ನೆಲ ಮುಟ್ಟಿದ ಮೇಲಷ್ಟೇ ವೇಗ ತಗ್ಗಿಸುವ ಎಂಜಿನ್ನಿನ ಹಿಮ್ಮುಖ ಒತ್ತಡ ಕೆಲಸ ಮಾಡಬೇಕು ಎಂಬುದು ಸರಿಯಾದ ರಿಕ್ವೈರ್‌ಮೆಂಟೇ. ಗಾಳಿಯಲ್ಲಿ ಅದು ಶುರುವಾದರೆ ಗತಿಯೇನು? ಆದರೆ ‘ನೆಲ ಮುಟ್ಟಿದೆ’ ಎಂಬುದನ್ನು ಕಂಪ್ಯೂಟರ್ ತಿಳಿಯುತ್ತಿದ್ದದ್ದು ಎರಡೂ ಕಡೆಯ ಚಕ್ರದ ಕಾಲುಗಳ ಮೇಲೆ ಬೀಳುವ ಭಾರದಿಂದ. ಅಂದು ಮಳೆ, ಅಡ್ಡಗಾಳಿ. ವಿಮಾನ ಒಂದು ಕಡೆಯ ಚಕ್ರದ ಮೇಲೆ ಮೊದಲು ಇಳಿಯಿತು. ಇನ್ನೊಂದು ಕಡೆಯದು ಸುಮಾರು 9 ಸೆಕೆಂಡ್ ತಡವಾಗಿ ಮುಟ್ಟಿತು. ಅಲ್ಲಿಯವರೆಗೆ ಪೈಲಟ್‌ಗಳ ಪ್ರಕಾರ ವಿಮಾನ ನೆಲದ ಮೇಲಿದೆ, ಕಂಪ್ಯೂಟರಿನ ಪ್ರಕಾರ ಇಲ್ಲ. ರನ್‌ವೇ ದಾಟಿ ಹೋಗಿ ದಿಬ್ಬಕ್ಕೆ ಹೊಡೆಯಿತು, ಇಬ್ಬರು ಸತ್ತರು. ಗಾಳಿಯ ಮಾಹಿತಿ, ಇಳಿದ ವೇಗ ಇಂಥ ಬೇರೆ ಕಾರಣಗಳೂ ಅಲ್ಲಿದ್ದವು. ನಮ್ಮ ಪಾಲಿಗೆ ಬೇಕಾದ ಭಾಗ ಇಷ್ಟು: ಪದದ ಅರ್ಥ ಮತ್ತು ಆ ಪದಕ್ಕೆ ಹಿಡಿದ ಗುರುತು ಬೇರೆ ಬೇರೆ ಆಗಬಹುದು. ನಿಮ್ಮಲ್ಲಿ ‘ಹಾಲು ಬಂದಿದೆ’ ಎಂದರೆ ಏನು? ಟ್ಯಾಂಕರ್ ಗೇಟು ದಾಟಿತೇ, ತೂಕ ಆಯಿತೇ, ಪರೀಕ್ಷೆ ಮುಗಿಯಿತೇ? ಒಂದನ್ನು ಆರಿಸಿ ಬರೆದಿಡಿ.

ಈಗ ನಿಮ್ಮ ಮಾಡೆಲ್‌ಗೆ ಹೊಸ ಕೆಲಸ ಕೊಡೋಣ. ಗುಂಪು ಮಾಡಿಸಬೇಡಿ, ನೆರೆಹೊರೆ ಹುಡುಕಿಸಿ. ಹೊಸ ಸಾಲು ಬಂದಾಗ ‘ಇದಕ್ಕೆ ಹತ್ತಿರದ ಹತ್ತು ಸಾಲು ತೋರಿಸು’ ಎಂದು ಕೇಳಿ. ಆ ಹತ್ತನ್ನು ಓದಿ ಸಂಬಂಧ ಏನು ಎಂದು ಮನುಷ್ಯರು ಗುರುತು ಹಾಕಲಿ: ಎರಡೂ ಒಂದೇ, ಇದು ಅದರ ವಿವರ, ಇದಕ್ಕೆ ಅದು ಮೊದಲು ಬೇಕು, ಎರಡೂ ಒಂದಕ್ಕೊಂದು ಅಡ್ಡ, ಸಂಬಂಧವೇ ಇಲ್ಲ. ಸ್ವೀಡನ್ನಿನ ಲುಂಡ್‌ನ ಯೂಹಾನ್ ನಾಟ್ ಓಕ್ ಡಾಗ್ ಮತ್ತು ಜೊತೆಗಾರರು 2000ದ ದಶಕದ ಮೊದಲ ವರ್ಷಗಳಲ್ಲಿ ಬಾನ್ ಎಂಬ ಡಚ್ ಇಆರ್‌ಪಿ (ಕಂಪನಿಯೊಂದರ ಎಲ್ಲ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್) ಕಂಪನಿಯ ರಿಕ್ವೈರ್‌ಮೆಂಟ್‌ಗಳ ಮೇಲೆ ಇದೇ ದಾರಿ ಹಿಡಿದಿದ್ದರು. ಗಿರಾಕಿಗಳು ತಮ್ಮ ಮಾತಿನಲ್ಲಿ ಕೇಳಿದ್ದು ಒಂದು ರಾಶಿ, ಕಂಪನಿ ತನ್ನ ಮಾತಿನಲ್ಲಿ ಬರೆದುಕೊಂಡದ್ದು ಇನ್ನೊಂದು ರಾಶಿ. ಎರಡರ ನಡುವೆ ಕೊಂಡಿ ಹುಡುಕಬೇಕಿತ್ತು. ಪದಗಳ ಸರಳ ಹೋಲಿಕೆಯಿಂದ ಹತ್ತಿರದವನ್ನು ಪಟ್ಟಿ ಮಾಡಿ ಕೊಡುವುದು ಯಂತ್ರದ ಕೆಲಸ, ಕೊಂಡಿ ಹಾಕುವುದು ಮನುಷ್ಯರ ಕೆಲಸ. ಇಂದಿನ ಮಾಡೆಲ್‌ಗಳು ಆಗಿನದಕ್ಕಿಂತ ತುಂಬ ಜಾಣ. ಆದರೂ ಈ ಹಂಚಿಕೆ ಬದಲಿಸಬೇಕು ಎಂದು ನನಗೆ ಅನ್ನಿಸಿಲ್ಲ.

ಕಾಲಂ ತುಂಬುವ ಕೆಲಸವನ್ನು ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾಡೆಲ್‌ಗೆ ಕೊಡಬಹುದು. 1,400 ಸಾಲು ಕೈಯಲ್ಲಿ ಬಿಡಿಸುವುದು ಬೇಸರದ ಕೆಲಸ. ಆದರೆ ಒಂದು ಷರತ್ತು ಹಾಕಿ: ವಾಕ್ಯದಲ್ಲಿ ಇಲ್ಲದ್ದನ್ನು ಖಾಲಿ ಬಿಡಬೇಕು. ಹೇಳದಿದ್ದರೆ ಅದು ಉಪಕಾರ ಮಾಡಲು ಹೋಗಿ ‘ಯಾರು’ ಕಾಲಂನಲ್ಲಿ ಎಲ್ಲ ಕಡೆ ‘ಸಿಸ್ಟಮ್’ ಎಂದು ತುಂಬಿಬಿಡುತ್ತದೆ. ಹೇಳಿದರೂ ಕೆಲವು ಕಡೆ ತುಂಬುತ್ತದೆ. ನಿಮಗೆ ಚಿನ್ನ ಇರುವುದು ಆ ಖಾಲಿ ಜಾಗದಲ್ಲೇ. ಹಾಗಾಗಿ ಕಾಲಂನಲ್ಲಿ ಬರೆದ ಪ್ರತಿ ಪದವೂ ಮೂಲ ಸಾಲಿನಲ್ಲಿ ಇದೆಯೇ ಎಂದು ಒಂದು ಚಿಕ್ಕ ಸ್ಕ್ರಿಪ್ಟಿನಿಂದ ಪರೀಕ್ಷಿಸಿ. ಹೊರಗಿನ ಸೇವೆಗೆ ಕಳಿಸುವ ಮುಂಚೆ ಉದಾಹರಣೆಗೆಂದು ಹಾಕಿರುವ ರೈತರ ಹೆಸರು, ಖಾತೆ ಸಂಖ್ಯೆ ತೆಗೆದುಹಾಕಿ. ನಿಮ್ಮ ಮಾದರಿ ಸಾಲುಗಳಲ್ಲಿ ಅಂಥವು ಕಂಡವು.

ಕನ್ನಡ-ಇಂಗ್ಲಿಷ್ ಬೆರಕೆಯ ಬಗ್ಗೆ. ಗೂಗಲ್‌ನ ಲಾಬ್ಸೆ ಎಂಬ ಮಾಡೆಲ್ 2020ರಲ್ಲಿ ಬಂತು. 109 ಭಾಷೆಗಳ ವಾಕ್ಯಗಳನ್ನು ಒಂದೇ ಅಳತೆಗೆ ತರಲು ಮಾಡಿದ್ದು, ಅದರಲ್ಲಿ ಕನ್ನಡವೂ ಇದೆ. ನಿಮ್ಮ ಕನ್ನಡ ಸಾಲಿನ ಪಕ್ಕ ಅದೇ ಅರ್ಥದ ಇಂಗ್ಲಿಷ್ ಸಾಲನ್ನು ತಂದು ನಿಲ್ಲಿಸಲು ಅಲ್ಲಿಂದ ಶುರು ಮಾಡಬಹುದು. ಕಷ್ಟ ಇರುವುದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ. ವಾಟ್ಸಾಪ್‌ನಿಂದ ನೇರ ಶೀಟಿಗೆ ಅಂಟಿಸಿದ ಸಾಲುಗಳು ನಿಮ್ಮಲ್ಲಿ ಬೇಕಾದಷ್ಟಿವೆ. ಅವನ್ನು ಕನ್ನಡ ಅಕ್ಷರಕ್ಕೆ ತಂದ ಮೇಲೆಯೇ ಮಾಡೆಲ್‌ಗೆ ಕೊಡಿ. ಯಾವುದೇ ಮಾಡೆಲ್ ಆದರೂ ಬೇರೆಯವರ ಅಂಕಪಟ್ಟಿ ನೋಡಿ ನಂಬಬೇಡಿ. ನಿಮಗೆ ಗೊತ್ತಿರುವ ಒಂದೈವತ್ತು ಜೋಡಿಗಳನ್ನು ಆರಿಸಿಕೊಳ್ಳಿ, ಒಂದೇ ಆದವು, ಅಡ್ಡ ಬರುವವು, ಸಂಬಂಧ ಇಲ್ಲದವು ಎಲ್ಲ ಇರಲಿ. ಮೊದಲ ಹತ್ತರಲ್ಲಿ ಸರಿಯಾದದ್ದು ಬರುತ್ತದೆಯೇ ನೋಡಿ. ಇಲ್ಲಿ ನಾಲ್ಕು ಬೇಡದ ಸಾಲು ತೋರಿಸಿದರೆ ನಷ್ಟ ಕಡಿಮೆ, ಓದಿ ಬಿಟ್ಟರಾಯಿತು. ಬೇಕಾದದ್ದನ್ನು ತೋರಿಸದೆ ಬಿಟ್ಟರೆ ಅದು ಇತ್ತು ಎಂಬುದೇ ನಿಮಗೆ ತಿಳಿಯುವುದಿಲ್ಲ.

ವೇಗ, ಭದ್ರತೆ, ಬ್ಯಾಕಪ್ ಇಂಥ ಸಾಲುಗಳಿಗೆ ಈ ಕಾರಕದ ಕಾಲಂಗಳು ಅಷ್ಟು ಹೊಂದುವುದಿಲ್ಲ. ಅವನ್ನು ಬೇರೆ ಹಾಳೆಯಲ್ಲಿ ಇಟ್ಟು, ಯಾವ ಕ್ರಿಯೆಗೆ ಅನ್ವಯ ಎಂದು ಮಾತ್ರ ಗುರುತು ಹಾಕಿ. ಅವನ್ನು ತಾನೇ ಗುರುತಿಸುವ ಪ್ರೋಗ್ರಾಂಗಳು ಸಿಗುತ್ತವೆ. ಆ ಪ್ರೋಗ್ರಾಂಗಳಲ್ಲಿ ಅನೇಕವು ಕಲಿತದ್ದು ಅಮೆರಿಕದ ಡಿಪಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 15 ಪ್ರಾಜೆಕ್ಟುಗಳಿಂದ ತೆಗೆದ 625 ಇಂಗ್ಲಿಷ್ ವಾಕ್ಯಗಳ ಮೇಲೆ. ಹಾಲಿನ ಸಂಘದ ಕನ್ನಡ ಅವಕ್ಕೆ ಅರ್ಥವಾಗದಿದ್ದರೆ ಆಶ್ಚರ್ಯ ಇಲ್ಲ.

30 ಗುಂಪುಗಳನ್ನು ಏನು ಮಾಡುವುದು? ಇರಲಿ. ವಿಷಯ ಎಂಬ ಇನ್ನೊಂದು ಕಾಲಂ ಮಾಡಿ ಅಲ್ಲಿ ಹಾಕಿ. ಹೊಸದಾಗಿ ಸೇರಿದವರು ಓದಲು, ಗಿರಾಕಿಗೆ ತೋರಿಸಲು ಅದು ಚೆನ್ನ. ಒಂದು ಸಾಲು ಒಂದೇ ಫೋಲ್ಡರಿನಲ್ಲಿ ಇರಬೇಕು ಎಂಬ ಹಟ ಬಿಟ್ಟರೆ ಸಾಕು. ಕ್ರಿಯೆಯ ಪ್ರಕಾರ ಸಾರ್ಟ್ ಮಾಡಿದಾಗ ಒಂದು ನೋಟ, ಕರ್ತೃವಿನ ಪ್ರಕಾರ ಮಾಡಿದಾಗ ಇನ್ನೊಂದು. ಕಾರ್ಯದರ್ಶಿಗೆ ತರಬೇತಿ ಕೊಡುವಾಗ ‘ಯಾರು’ ಕಾಲಂನಲ್ಲಿ ಕಾರ್ಯದರ್ಶಿ ಇರುವ ಸಾಲುಗಳಷ್ಟೇ ಸಾಕಲ್ಲ.

ಎಲ್ಲವನ್ನೂ ಒಂದೇ ಸಲ ಬಿಡಿಸಲು ಹೋಗಬೇಡಿ, ಅರ್ಧಕ್ಕೆ ನಿಲ್ಲುತ್ತದೆ. ಬಟವಾಡೆಗೆ ಸಂಬಂಧಿಸಿದ ಸಾಲುಗಳಿಂದ ಶುರು ಮಾಡಿ. ಹಣದ ವಿಷಯವಾದ್ದರಿಂದ ಸಂಘದವರು ಕೂತು ಉತ್ತರ ಕೊಡುತ್ತಾರೆ. ಒಂದು ಸಾಲನ್ನು ನಾಲ್ಕು ಮಾಡಿದಾಗ ಹಳೆಯ ನಂಬರ್ ಅಳಿಸಬೇಡಿ. 212 ಇದ್ದದ್ದು 212.1ರಿಂದ 212.4 ಆಗಲಿ, ಮೂಲ ವಾಕ್ಯ ಹೇಗಿತ್ತೋ ಹಾಗೇ ಪಕ್ಕದಲ್ಲಿ ಉಳಿಯಲಿ. ಟೆಸ್ಟ್ ಕೇಸುಗಳು, ಗಿರಾಕಿಯ ಜೊತೆಗಿನ ಪತ್ರಗಳು ಎಲ್ಲ ಆ ಹಳೆಯ ನಂಬರನ್ನೇ ಹಿಡಿದುಕೊಂಡಿವೆ.